ಎಲ್ಲ ಕಡೆ ನಿಲ್ಲುವ ಗಾಡಿಯ ಅವಸರ

ಒಸಾಕಾ ಮತ್ತು ಕೋಬೆ ನಗರಗಳ ನಡುವೆ, ಒಂದು ಬದಿಗೆ ರೊಕ್ಕೊ ಬೆಟ್ಟಸಾಲು, ಇನ್ನೊಂದು ಬದಿಗೆ ಸಮುದ್ರ ಇರುವ ಕಿರಿದಾದ ನೆಲದಲ್ಲಿ, ಮೂರು ರೈಲು ಮಾರ್ಗಗಳು ಹೆಚ್ಚುಕಡಿಮೆ ಜೊತೆಜೊತೆಯಾಗಿ ಸಾಗುತ್ತವೆ. ಬೆಟ್ಟದ ಮಗ್ಗುಲಿಗೆ ಹಾಂಕ್ಯೂ ಎಂಬ ಖಾಸಗಿ ಕಂಪನಿಯದು, ನಡುವೆ ಹಿಂದಿನ ಸರ್ಕಾರಿ ರೈಲ್ವೆಯ ವಾರಸುದಾರನಾದ ಜೆಆರ್‌ನದು, ಸಮುದ್ರದ ಮಗ್ಗುಲಿಗೆ ಹಾನ್‌ಶಿನ್ ಎಂಬ ಇನ್ನೊಂದು ಖಾಸಗಿ ಕಂಪನಿಯದು. ಮೂರೂ ಒಸಾಕಾದ ಉಮೆದಾ ಪ್ರದೇಶದಿಂದ ಹೊರಟು ಕೋಬೆಯ ಸನ್ನೊಮಿಯಾವನ್ನು ಮುಟ್ಟುತ್ತವೆ. ದೂರ ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಆದರೆ ಎರಡೂ ತುದಿಗಳನ್ನು ಸೇರಿಸಿ ಎಣಿಸಿದರೆ ಇಷ್ಟೇ ದೂರದಲ್ಲಿ ಜೆಆರ್‌ಗೆ 15 ನಿಲ್ದಾಣಗಳು, ಹಾಂಕ್ಯೂಗೆ 16, ಹಾನ್‌ಶಿನ್‌ಗೆ ಮಾತ್ರ 32. ನಾನು ಬರೆಯಹೊರಟಿರುವುದು ಈ 32 ನಿಲ್ದಾಣಗಳಲ್ಲಿ ಒಂದನ್ನೂ ಬಿಡದೆ ನಿಲ್ಲುವ, ನಾಲ್ಕೇ ಬೋಗಿಗಳ ಗಾಡಿಯ ಕುರಿತು. ಅದನ್ನು ಹಾನ್‌ಶಿನ್ 5700 ಸರಣಿ ಎಂದು ಕರೆಯುತ್ತಾರೆ. ಜಪಾನಿನ ರೈಲು ಎಂದೊಡನೆ ಶಿಂಕಾನ್‌ಸೆನ್ನಿನ ಚಿತ್ರವೇ ಕಣ್ಣಮುಂದೆ ಬರುವ ನಮ್ಮವರಿಗೆ, ಆ ದೇಶದ ರೈಲು ತಂತ್ರಜ್ಞರ ನಿಜವಾದ ಮಮತೆ ಎಲ್ಲಿ ಕಾಣುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಗಾಡಿ ನನಗೆ ಗೊತ್ತಿಲ್ಲ.

ಇಷ್ಟೊಂದು ನಿಲ್ದಾಣಗಳು ಏಕೆ ಬಂದವು ಎಂಬುದಕ್ಕೆ 1905ಕ್ಕೆ ಹೋಗಬೇಕು. ಒಸಾಕಾ ಮತ್ತು ಕೋಬೆಯ ನಡುವೆ ಸರ್ಕಾರಿ ರೈಲು 1874ರಿಂದಲೇ ಓಡುತ್ತಿತ್ತು. ಅದಕ್ಕೆ ಸಮಾನಾಂತರವಾಗಿ ಖಾಸಗಿಯವರು ಇನ್ನೊಂದು ರೈಲು ಮಾರ್ಗ ಹಾಕಲು ಅನುಮತಿ ಸಿಗುವಂತಿರಲಿಲ್ಲ. ಹಾಗಾಗಿ ಹಾನ್‌ಶಿನ್ ಸ್ಥಾಪಕರು ರೈಲಿನ ಕಾಯಿದೆಯ ಗೊಡವೆಗೆ ಹೋಗದೆ, ರಸ್ತೆಯ ಮೇಲೆ ಓಡುವ ಟ್ರಾಮ್‌ಗಳ ಕಾಯಿದೆಯಡಿ ಅರ್ಜಿ ಹಾಕಿದರು. ಟ್ರಾಮ್ ಎಂದಮೇಲೆ ಹಳಿ ಸಾರ್ವಜನಿಕ ರಸ್ತೆಯ ಮೇಲಿರಬೇಕು. ಇವರ ಯೋಜನೆಯಲ್ಲಾದರೋ ಬಹುಪಾಲು ಹಳಿ ಸ್ವಂತ ಜಾಗದಲ್ಲಿತ್ತು. ಆಗ ಸಂವಹನ ಸಚಿವಾಲಯದ ಉನ್ನತ ಅಧಿಕಾರಿಯಾಗಿದ್ದ ಎಂಜಿನಿಯರ್ ಫುರುಇಚಿ ಕೊಯಿ ಅವರು, ಮಾರ್ಗದ ಯಾವುದೋ ಒಂದು ಭಾಗ ರಸ್ತೆಯ ಮೇಲಿದ್ದರೆ ಸಾಕು ಎಂಬ ಉದಾರ ಅರ್ಥವನ್ನು ಕಾಯಿದೆಗೆ ಕೊಟ್ಟು ದಾರಿ ತೆರೆದರು. ಒಂದೇ ವಾಕ್ಯದ ಈ ವ್ಯಾಖ್ಯಾನದಿಂದ ಜಪಾನಿನ ನಗರಗಳ ನಡುವಿನ ವಿದ್ಯುತ್ ರೈಲುಗಳ ಯುಗವೇ ಆರಂಭವಾಯಿತು ಎಂದರೆ ಅತಿಶಯವಾಗದು. 1905ರ ಏಪ್ರಿಲ್ 12ರಂದು ಗಾಡಿಗಳು ಓಡತೊಡಗಿದವು. ಕಾಗದದ ಮೇಲೆ ಟ್ರಾಮ್ ಆದದ್ದರಿಂದ ಅದು ನಿಂತದ್ದೂ ಟ್ರಾಮ್‌ನಂತೆಯೇ, ಊರೂರಿಗೆ, ಕೇರಿಕೇರಿಗೆ. 1920ರಲ್ಲಿ ಬೆಟ್ಟದ ಬದಿಗೆ ಹಾಂಕ್ಯೂ ನೇರವಾದ ಮಾರ್ಗ ಹಾಕಿ ವೇಗದ ಸ್ಪರ್ಧೆಗೆ ಇಳಿದಾಗ, ಬಳುಕುತ್ತ ಸಾಗುವ ಹಳಿಯ ಹಾನ್‌ಶಿನ್, ನಮ್ಮ ಗಾಡಿಗೆ ನೀವು ಕಾಯಬೇಕಾಗಿಲ್ಲ ಎಂದು ಸಾರಿತು. ಹತ್ತಿರ ಹತ್ತಿರದ ನಿಲ್ದಾಣಗಳು, ಮೇಲಿಂದ ಮೇಲೆ ಬರುವ ಗಾಡಿಗಳು ಅದರ ಗುರುತಾದವು. ಇಂದು ಒಸಾಕಾ ಉಮೆದಾದಿಂದ ಸನ್ನೊಮಿಯಾದ ಮುಂದಿನ ನಿಲ್ದಾಣವಾದ ಮೊತೊಮಾಚಿಯವರೆಗಿನ ಮುಖ್ಯ ಮಾರ್ಗ 32.1 ಕಿಲೋಮೀಟರ್, ನಿಲ್ದಾಣಗಳು 33. ಅಂದರೆ ಸರಾಸರಿ ಕಿಲೋಮೀಟರಿಗೊಂದು.

ಇಲ್ಲಿಯೇ ತೊಡಕೂ ಹುಟ್ಟಿತು. ಮಾರ್ಗದ ಬಹುಭಾಗದಲ್ಲಿ ಇರುವುದು ಹೋಗಲೊಂದು, ಬರಲೊಂದು, ಹೀಗೆ ಎರಡೇ ಹಳಿ. ಅದೇ ಹಳಿಯ ಮೇಲೆ ಕೆಲವೇ ಕಡೆ ನಿಂತು ಗಂಟೆಗೆ 106 ಕಿಲೋಮೀಟರ್ ವೇಗದವರೆಗೂ ಓಡುವ ವಿಶೇಷ ಎಕ್ಸ್‌ಪ್ರೆಸ್ ಗಾಡಿಗಳೂ ಬರಬೇಕು, ಎಲ್ಲ ಕಡೆ ನಿಲ್ಲುವ ಲೋಕಲ್ ಗಾಡಿಗಳೂ ಸಾಗಬೇಕು. ಜೆಆರ್ ಜೊತೆ ಪೈಪೋಟಿ ಮಾಡಬೇಕಾದರೆ ಎಕ್ಸ್‌ಪ್ರೆಸ್ಸನ್ನು ನಿಧಾನಗೊಳಿಸುವಂತಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಡಲು ಹೆಚ್ಚುವರಿ ಹಳಿಯಿರುವ ನಿಲ್ದಾಣಗಳು ಕೆಲವೇ. ನಮ್ಮ ಊರುಗಳ ಪ್ಯಾಸೆಂಜರ್ ಗಾಡಿಯಲ್ಲಿ ಕೂತು ಬಲ್ಲವರಿಗೆ ಇಂಥ ತೊಡಕಿಗೆ ರೂಢಿಯಲ್ಲಿರುವ ಪರಿಹಾರವೂ ಗೊತ್ತು: ಸಣ್ಣ ಗಾಡಿಯನ್ನು ಲೂಪ್ ಲೈನಿಗೆ ಹಾಕಿ, ದೊಡ್ಡ ಗಾಡಿ ದಾಟುವವರೆಗೆ ಕಾಯಿಸುವುದು. ಇನ್ನೂ ಸುಲಭದ ಹಾದಿ ಎಂದರೆ ಸಣ್ಣ ನಿಲ್ದಾಣಗಳನ್ನು ಮುಚ್ಚಿಬಿಡುವುದು. ಹಾನ್‌ಶಿನ್ ಆರಿಸಿಕೊಂಡ ಹಾದಿ ಬೇರೆ. ಬೆನ್ನ ಹಿಂದೆ ಎಕ್ಸ್‌ಪ್ರೆಸ್ ಬರುವಷ್ಟರಲ್ಲಿ ದಾರಿ ಬಿಡುವ ನಿಲ್ದಾಣವನ್ನು ತಲುಪಿಬಿಡುವಷ್ಟು ಚುರುಕಾಗಿ ವೇಗ ಹಿಡಿಯುವ, ಅಷ್ಟೇ ಚುರುಕಾಗಿ ನಿಲ್ಲುವ ಲೋಕಲ್ ಗಾಡಿಯನ್ನು ಅದು ಕಟ್ಟಿತು. 1958ರಲ್ಲಿ ಬಂದ ಆ ಗಾಡಿಗೆ ಆ ಕಾಲದ ಹೊಸ ಬೆರಗಾಗಿದ್ದ ಜೆಟ್ ವಿಮಾನದ ಹೆಸರಿಟ್ಟು ಜೆಟ್ ಕಾರ್ ಎಂದರು. ಅದರ ಪ್ರತಿಯೊಂದು ಅಚ್ಚಿಗೂ ಮೋಟಾರು ಇತ್ತು. ಪ್ರತಿ ಸೆಕೆಂಡಿಗೆ ಅದು ಗಳಿಸುತ್ತಿದ್ದ ವೇಗ ಗಂಟೆಗೆ 4.5 ಕಿಲೋಮೀಟರ್, ಬ್ರೇಕು ಹಾಕಿದಾಗ ಕಳೆದುಕೊಳ್ಳುತ್ತಿದ್ದುದು 5. ಬಳಿಕ ಬಂದ ಪೀಳಿಗೆಗಳಲ್ಲಿ ಈ ಅಂಕಿಗಳು ತುಸು ಇಳಿದು, 5700ರಲ್ಲಿ 4.0 ಮತ್ತು 4.5ಕ್ಕೆ ನಿಂತಿವೆ. ಹೀಗಿದ್ದರೂ ಜಪಾನಿನ ಸಾಮಾನ್ಯ ಉಪನಗರ ಗಾಡಿಗಳು 2.5ರಿಂದ 3.3ರ ಆಸುಪಾಸಿನಲ್ಲಿರುವಾಗ, ಇದು ಬಹಳ ಮೇಲಿನ ಮಟ್ಟವೇ.

ಈ ಅಂಕಿಗಳ ಬೆಲೆಯನ್ನು ತಿಳಿಯಲು ಒಂದು ಸರಳ ಲೆಕ್ಕ ಹಾಕಬಹುದು. ಎರಡು ನಿಲ್ದಾಣಗಳ ನಡುವೆ ಸರಿಯಾಗಿ ಒಂದು ಕಿಲೋಮೀಟರ್ ಇದೆ, ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟಿ ಮತ್ತೆ ನಿಲ್ಲುತ್ತದೆ, ವೇಗದ ಏರಿಕೆ ಇಳಿಕೆಗಳು ಉದ್ದಕ್ಕೂ ಒಂದೇ ಸಮನಾಗಿವೆ ಎಂದು ಇಟ್ಟುಕೊಳ್ಳೋಣ. ವಾಸ್ತವದಲ್ಲಿ ವೇಗ ಹೆಚ್ಚಿದಂತೆ ಮೋಟಾರಿನ ಎಳೆತ ಕಡಿಮೆಯಾಗುತ್ತದೆ, ಆದರೆ ಹೋಲಿಕೆಗೆ ಇಷ್ಟು ಸಾಕು. 5700ರ ಅಂಕಿಗಳನ್ನು ಹಿಡಿದರೆ 80 ಮುಟ್ಟಲು 20 ಸೆಕೆಂಡು, ನಿಲ್ಲಲು ಸುಮಾರು 18, ನಡುವಿನ 580 ಮೀಟರ್ ಓಡಲು 26, ಒಟ್ಟು 64 ಸೆಕೆಂಡು. ವೇಗದ ಏರಿಕೆ 2.5, ಇಳಿಕೆ 3.5 ಇರುವ ಗಾಡಿಗೆ ಇದೇ ದೂರಕ್ಕೆ 72 ಸೆಕೆಂಡಿಗಿಂತ ಹೆಚ್ಚು ಬೇಕು. ವ್ಯತ್ಯಾಸ ಎಂಟು ಚಿಲ್ಲರೆ ಸೆಕೆಂಡು. ಇದೇನು ಮಹಾ ಎನ್ನಿಸಬಹುದು. ಆದರೆ 33 ನಿಲ್ದಾಣಗಳ ನಡುವಿನ 32 ಓಟಗಳಿಗೆ ಕೂಡಿಸಿದರೆ ಅದು ನಾಲ್ಕೂವರೆ ನಿಮಿಷವಾಗುತ್ತದೆ. ಗಾಡಿಗಳು ಒಂದರ ಹಿಂದೊಂದು ಬರುವ ಎರಡೇ ಹಳಿಯ ಮಾರ್ಗದಲ್ಲಿ, ಒಂದು ಲೋಕಲ್ ತನ್ನ ಎಲ್ಲ ನಿಲ್ದಾಣಗಳನ್ನೂ ಉಳಿಸಿಕೊಳ್ಳುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸಲು ನಾಲ್ಕೂವರೆ ನಿಮಿಷ ಧಾರಾಳ ಸಾಕು. ಕುಸುಗಾವಾ, ಉಚಿದೆ, ಇವಾಯಾದಂಥ ಪುಟ್ಟ ನಿಲ್ದಾಣಗಳು ಇಂದಿಗೂ ವೇಳಾಪಟ್ಟಿಯಲ್ಲಿ ಉಳಿದಿರುವುದರ ಹಿಂದೆ ಈ ಸೆಕೆಂಡುಗಳ ದುಡಿಮೆಯಿದೆ.

1995ರ ಜನವರಿ 17ರ ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಕೋಬೆ ಪ್ರದೇಶವನ್ನು ಅಲುಗಾಡಿಸಿದ ಭೂಕಂಪದ ಮಾತನ್ನು ಇಲ್ಲಿ ಬಿಡಲಾಗದು. ಇಶಿಯಾಗಾವಾದಲ್ಲಿ ಮೇಲುಗಟ್ಟೆಯ ಮೇಲಿದ್ದ ಹಾನ್‌ಶಿನ್ ಗಾಡಿಗಳ ಯಾರ್ಡು ಕುಸಿಯಿತು, ಎತ್ತರಿಸಿದ ಮಾರ್ಗದ ಕಂಬಗಳು ಮುರಿದವು, ಅನೇಕ ಬೋಗಿಗಳು ರಿಪೇರಿಗೂ ಬಾರದಷ್ಟು ನಜ್ಜುಗುಜ್ಜಾದವು. ಮುಖ್ಯ ಮಾರ್ಗ ಪೂರ್ತಿಯಾಗಿ ಮತ್ತೆ ತೆರೆದದ್ದು ಆ ವರ್ಷದ ಜೂನ್ 26ರಂದು. ಕಳೆದುಕೊಂಡ ಗಾಡಿಗಳ ಜಾಗ ತುಂಬಬೇಕಾಗಿದ್ದ ಆ ಹೊತ್ತಿನಲ್ಲಿ, ಅದೇ ವರ್ಷದ ಕೊನೆಯ ಭಾಗದಲ್ಲಿ, 5500 ಎಂಬ ಹೊಸ ಪೀಳಿಗೆಯ ಜೆಟ್ ಕಾರ್ ಹಳಿಗೆ ಬಂತು. ತಂತಿಯಿಂದ ಬರುವ ನೇರ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಇನ್ವರ್ಟರಿನ ಮೂಲಕ ಮೋಟಾರನ್ನು ನಡೆಸುವ ಮೊದಲ ಜೆಟ್ ಕಾರ್ ಅದು. ಮನೆ ಕಳೆದುಕೊಂಡವರು ಇನ್ನೂ ತಾತ್ಕಾಲಿಕ ಶೆಡ್ಡುಗಳಲ್ಲಿದ್ದ ದಿನಗಳಲ್ಲಿ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಹೊಸ ಗಾಡಿಯೊಂದು ತಿಳಿ ಬಣ್ಣಗಳಲ್ಲಿ ಬಂದು ನಿಂತದ್ದು ಆ ಊರುಗಳಿಗೆ ಎಂಥ ಧೈರ್ಯ ಕೊಟ್ಟಿರಬಹುದು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಅದಾಗಿ ಇಪ್ಪತ್ತು ವರ್ಷಗಳ ಬಳಿಕ, 2015ರ ಆಗಸ್ಟ್ 24ರಂದು, 5700 ಸೇವೆಗೆ ಇಳಿಯಿತು. ಕಟ್ಟಿದವರು ಕಿಂಕಿ ಶಾರ್ಯೊ ಕಂಪನಿಯವರು. ಬಣ್ಣ ಬಳಿದ ಉಕ್ಕಿನ ಬದಲು ಬೆಳ್ಳಿಯ ಹೊಳಪಿನ ಸ್ಟೇನ್‌ಲೆಸ್ ಸ್ಟೀಲ್ ಮೈ. ಮುಖದ ಮೇಲೂ ಬಾಗಿಲುಗಳ ಸುತ್ತಲೂ ನೀಲಿ. ಹಾನ್‌ಶಿನ್‌ನಲ್ಲಿ ಬಹುಕಾಲದಿಂದ ಲೋಕಲ್ ಗಾಡಿಗಳ ಮೈಗೆ ನೀಲಿ, ಎಕ್ಸ್‌ಪ್ರೆಸ್‌ಗಳ ಮೈಗೆ ಕೆಂಪು ಎಂಬ ರೂಢಿಯಿತ್ತು, ಆ ನೀಲಿಯ ವಂಶವನ್ನೇ ಇದು ಮುಂದುವರಿಸಿದೆ. ಇದಕ್ಕೆ ಇಟ್ಟ ಜೆಟ್ ಸಿಲ್ವರ್ 5700 ಎಂಬ ಅಡ್ಡಹೆಸರೂ ಹೊಸದಲ್ಲ. 1959ರಲ್ಲಿ ಸ್ಟೇನ್‌ಲೆಸ್ ಮೈಯೊಂದಿಗೆ ಪ್ರಯೋಗಕ್ಕೆಂದು ಕಟ್ಟಿದ ಎರಡು ಜೆಟ್ ಕಾರ್ ಬೋಗಿಗಳನ್ನು ಜನ ಜೆಟ್ ಸಿಲ್ವರ್ ಎಂದೇ ಕರೆಯುತ್ತಿದ್ದರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವಂತೆ ಆ ಹೆಸರು ಇದಕ್ಕೆ ಬಂದಿದೆ.

ಈ ಗಾಡಿಯ ಹೊಸತನ ಇರುವುದು ಮುಖ್ಯವಾಗಿ ನೆಲದಡಿಯಲ್ಲಿ. ಈ ಕಾಲದ ಬಹುತೇಕ ವಿದ್ಯುತ್ ಗಾಡಿಗಳಲ್ಲಿ ಇರುವುದು ಇಂಡಕ್ಷನ್ ಮೋಟಾರು. ಅದರ ಹೊರಗಿನ ಸುರುಳಿಗಳಲ್ಲಿ ಸುತ್ತುವ ಕಾಂತಕ್ಷೇತ್ರವು ಒಳಗಿನ ತಿರುಗುಭಾಗದಲ್ಲಿ ವಿದ್ಯುತ್ತನ್ನು ಪ್ರೇರಿಸಿ, ಆ ಮೂಲಕ ಅದನ್ನು ತಿರುಗಿಸುತ್ತದೆ. ತಿರುಗುಭಾಗದಲ್ಲಿ ವಿದ್ಯುತ್ ಹರಿದಾಗಲೆಲ್ಲ ಅದು ಬಿಸಿಯಾಗುತ್ತದೆ, ಆ ಬಿಸಿಯನ್ನು ಹೊರಹಾಕಲು ಸಾಮಾನ್ಯವಾಗಿ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕಾಗುತ್ತದೆ, ಗಾಳಿಯ ಜೊತೆ ಧೂಳೂ ಬರುತ್ತದೆ, ಸದ್ದೂ ಹೊರಬೀಳುತ್ತದೆ. 5700ರಲ್ಲಿ ಇರುವುದು ತಿರುಗುಭಾಗದೊಳಗೇ ಶಾಶ್ವತ ಅಯಸ್ಕಾಂತಗಳನ್ನು ಕೂರಿಸಿದ ಸಿಂಕ್ರೊನಸ್ ಮೋಟಾರು. ಅಯಸ್ಕಾಂತ ಆಗಲೇ ಇರುವುದರಿಂದ ತಿರುಗುಭಾಗದಲ್ಲಿ ವಿದ್ಯುತ್ ಹರಿಸುವ ಅಗತ್ಯವಿಲ್ಲ. ನಷ್ಟ ಕಡಿಮೆ, ಬಿಸಿಯೂ ಕಡಿಮೆ. ಹಾಗಾಗಿ ಮೋಟಾರನ್ನು ಪೂರ್ತಿಯಾಗಿ ಮುಚ್ಚಿಬಿಡಬಹುದು. ಮುಚ್ಚಿದ ಮೋಟಾರಿನೊಳಗೆ ಧೂಳು ಸೇರದು, ಬಿಚ್ಚಿ ಶುಚಿಮಾಡುವ ಕೆಲಸ ಕಡಿಮೆ, ಹೊರಬರುವ ಸದ್ದೂ ಕಡಿಮೆ.

ಈ ಸವಲತ್ತಿಗೆ ಬೆಲೆಯೂ ಇದೆ. ಇಂಡಕ್ಷನ್ ಮೋಟಾರಿನಲ್ಲಿ ತಿರುಗುಭಾಗವು ಕಾಂತಕ್ಷೇತ್ರಕ್ಕಿಂತ ತುಸು ಹಿಂದೆ ಬಿದ್ದು ತಿರುಗುತ್ತದೆ. ಈ ಸಡಿಲಿಕೆ ಇರುವುದರಿಂದಲೇ ಒಂದೇ ಇನ್ವರ್ಟರಿನಿಂದ ಹಲವು ಮೋಟಾರುಗಳನ್ನು ನಡೆಸಬಹುದು. ಸವೆದು ವ್ಯಾಸದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಿದರೂ ನಡೆದುಹೋಗುತ್ತದೆ. ಸಿಂಕ್ರೊನಸ್ ಮೋಟಾರಿನಲ್ಲಿ ಆ ಸಡಿಲಿಕೆಯಿಲ್ಲ, ತಿರುಗುಭಾಗ ಕ್ಷೇತ್ರದ ಜೊತೆಗೇ ಹೆಜ್ಜೆ ಹಾಕಬೇಕು. ಆದ್ದರಿಂದ ಪ್ರತಿಯೊಂದು ಮೋಟಾರಿಗೂ ಅದರದೇ ಇನ್ವರ್ಟರು ಬೇಕು. ಮೇಲಾಗಿ, ಗಾಡಿ ವಿದ್ಯುತ್ ಬಳಸದೆ ಸುಮ್ಮನೆ ಉರುಳುತ್ತಿರುವಾಗಲೂ ತಿರುಗುವ ಅಯಸ್ಕಾಂತ ತಾನಾಗಿ ವಿದ್ಯುತ್ ಹುಟ್ಟಿಸುತ್ತಿರುತ್ತದೆ, ಅದನ್ನು ನಿಭಾಯಿಸುವ ಏರ್ಪಾಡೂ ಬೇಕು. ಉಪಕರಣ ಹೆಚ್ಚು, ಖರ್ಚು ಹೆಚ್ಚು. ಆದರೂ ಕಿಲೋಮೀಟರಿಗೊಮ್ಮೆ ನಿಂತು ಹೊರಡುವ ಗಾಡಿಗೆ ಈ ಲೆಕ್ಕ ಸರಿಹೊಂದುತ್ತದೆ. ದೂರದ ಎಕ್ಸ್‌ಪ್ರೆಸ್ ಒಮ್ಮೆ ವೇಗ ಹಿಡಿದರೆ ಬಹಳ ಹೊತ್ತು ಹಾಗೆಯೇ ಸಾಗೀತು. ಲೋಕಲ್ ಗಾಡಿಯ ಮೋಟಾರಾದರೋ ತನ್ನ ಆಯುಷ್ಯದ ಬಹುಪಾಲನ್ನು ಪೂರ್ಣ ಬಲದಲ್ಲಿ ಎಳೆಯುವುದರಲ್ಲಿ ಅಥವಾ ಪೂರ್ಣ ಬಲದಲ್ಲಿ ತಡೆಯುವುದರಲ್ಲಿ ಕಳೆಯುತ್ತದೆ. ಅಂಥ ಕಡೆ ಉಳಿಯುವ ಒಂದೊಂದು ಪಾಲು ವಿದ್ಯುತ್ತೂ ದಿನಕ್ಕೆ ನೂರಾರು ಸಲ ಉಳಿಯುತ್ತದೆ.

ತಡೆಯುವಾಗಲಂತೂ ಮೋಟಾರು ಜನರೇಟರಾಗಿ, ಗಾಡಿಯ ಓಟದಲ್ಲಿ ಅಡಗಿದ್ದ ಶಕ್ತಿಯನ್ನು ವಿದ್ಯುತ್ತಾಗಿಸಿ ಮೇಲಿನ 1500 ವೋಲ್ಟ್ ತಂತಿಗೆ ಮರಳಿಸುತ್ತದೆ. ಆ ವಿದ್ಯುತ್ತನ್ನು ಅದೇ ಗಳಿಗೆಯಲ್ಲಿ ಬಳಸಿಕೊಳ್ಳಲು ಹತ್ತಿರದಲ್ಲಿ ಇನ್ನೊಂದು ಗಾಡಿ ಹೊರಡುತ್ತಿರಬೇಕು, ಇಲ್ಲವಾದರೆ ಮರಳಿಸಲು ಜಾಗವಿರದು. ಗಾಡಿಗಳು ಒತ್ತೊತ್ತಾಗಿ ಓಡುವ ಈ ಮಾರ್ಗದಲ್ಲಿ ಆ ಕೊರತೆ ಕಡಿಮೆ. ಮುಕೊಗಾವಾದಲ್ಲಿ ನಿಲ್ಲುವ ಲೋಕಲ್ ಬಿಟ್ಟುಕೊಟ್ಟ ವಿದ್ಯುತ್ತನ್ನು ಕೊಶಿಯೆನ್‌ನಿಂದ ಹೊರಡುವ ಎಕ್ಸ್‌ಪ್ರೆಸ್ ತೆಗೆದುಕೊಳ್ಳುವುದು ಸಾಧ್ಯ. ಸ್ಪರ್ಧಿಗಳಂತೆ ಕಾಣುವ ಎರಡು ಬಗೆಯ ಗಾಡಿಗಳು ತಲೆಯ ಮೇಲಿನ ತಂತಿಯಲ್ಲಿ ಒಂದಕ್ಕೊಂದು ಒದಗುತ್ತಿರುತ್ತವೆ ಎಂಬ ಸಂಗತಿ ನನಗೆ ಬಹಳ ಪ್ರಿಯವಾದದ್ದು.

ಕೆಲಸದ ನಿಮಿತ್ತ ಈ ಮಾರ್ಗದ ಬದಿಯ ಊರಿನಲ್ಲಿ ನೆಲೆಸಿರುವ ನನಗೆ ಹತ್ತಿರವಾದ ನಿಲ್ದಾಣ ಕೊರೊಎನ್. ಶುಕುಗಾವಾ ಹೊಳೆಯ ಮೇಲೆಯೇ ಅದರ ಪ್ಲಾಟ್‌ಫಾರ್ಮ್ ಚಾಚಿಕೊಂಡಿದೆ. ಅಲ್ಲಿ 5700 ಬಂದು ನಿಲ್ಲುವುದನ್ನು ಗಮನವಿಟ್ಟು ನೋಡಿದರೆ, ಅದು ಇತರ ಗಾಡಿಗಳಿಗಿಂತ ತಡವಾಗಿ ಬ್ರೇಕು ಹಾಕುವುದು ಕಾಣುತ್ತದೆ. ಇನ್ನೂ ವೇಗದಲ್ಲೇ ಪ್ಲಾಟ್‌ಫಾರ್ಮಿನೊಳಗೆ ಬಂದು, ಇನ್ನೇನು ದಾಟಿಯೇ ಹೋಗುತ್ತದೆ ಎನ್ನುವಷ್ಟರಲ್ಲಿ ಗುರುತಿನ ಜಾಗದಲ್ಲಿ ನಿಂತಿರುತ್ತದೆ. ಹೊರಡುವಾಗ ಚಾಲಕನ ಕೋಣೆಯ ಹಿಂದಿನ ಗಾಜಿನ ಬಳಿ ನಿಂತರೆ, ಬಿಳಿ ಕೈಗವಸಿನ ಚಾಲಕ ಸಿಗ್ನಲ್ಲಿನತ್ತ ಬೆರಳು ಚಾಚಿ ಬಾಯಲ್ಲಿ ಹೇಳಿಕೊಂಡು ಹ್ಯಾಂಡಲ್ ಎಳೆಯುತ್ತಾನೆ. ಮರುಕ್ಷಣದಲ್ಲಿ ಮೇಲಿನ ಹಿಡಿಪಟ್ಟಿಗಳೆಲ್ಲ ಒಟ್ಟಾಗಿ ಹಿಂದಕ್ಕೆ ವಾಲುತ್ತವೆ, ಆದರೆ ಎಲ್ಲೂ ಹಠಾತ್ತಾದ ಜಗ್ಗಾಟವಿಲ್ಲ. ನಿಂತವರ ಕಾಲು ತಪ್ಪುವುದು ವೇಗದ ಏರಿಕೆ ಹೆಚ್ಚಾದಾಗ ಅನ್ನುವುದಕ್ಕಿಂತ ಆ ಏರಿಕೆ ಒಮ್ಮೆಲೇ ಬದಲಾದಾಗ. ಹಳೆಯ ಗಾಡಿಗಳಲ್ಲಿ ರೆಸಿಸ್ಟರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಳಚುತ್ತ ವೇಗ ಏರಿಸುತ್ತಿದ್ದುದರಿಂದ ಆ ಮೆಟ್ಟಿಲುಗಳು ಮೈಗೆ ತಿಳಿಯುತ್ತಿದ್ದವು. ಇನ್ವರ್ಟರು ಆ ಮೆಟ್ಟಿಲುಗಳನ್ನು ಅಳಿಸಿ ಏರನ್ನಾಗಿ ಮಾಡಿದೆ.

ಒಳಗಿನ ಎರಡು ಏರ್ಪಾಡುಗಳನ್ನು ಹೇಳಲೇಬೇಕು. ಮೊದಲನೆಯದು, ಬಾಗಿಲ ಪಕ್ಕದ ಸೀಟುಗಳು. ಒಂದೆರಡು ನಿಲ್ದಾಣ ಮಾತ್ರ ಹೋಗುವವರು ಸುಲಭವಾಗಿ ಕೂತು ಸುಲಭವಾಗಿ ಏಳುವಂತೆ ಇವುಗಳ ಆಕಾರವನ್ನು ಉಳಿದ ಸೀಟುಗಳಿಗಿಂತ ಬೇರೆಯಾಗಿ ರೂಪಿಸಿದ್ದಾರೆ. ಲೋಕಲ್ ಗಾಡಿಯ ಪ್ರಯಾಣಿಕರಲ್ಲಿ ಪಕ್ಕದ ಊರಿನ ಮಾರುಕಟ್ಟೆಗೋ ಆಸ್ಪತ್ರೆಗೋ ಹೋಗಿಬರುವ ಹಿರಿಯರು ಬಹಳ ಮಂದಿ. ಮೊಣಕಾಲು ನೋವಿರುವ ಹೆಂಗಸೊಬ್ಬರು ಮೂರು ನಿಮಿಷಕ್ಕೆ ಕೂರುವುದೇಕೆ ಎಂದು ನಿಂತೇ ಹೋಗುವುದನ್ನು, ಏಳುವ ಕಷ್ಟಕ್ಕೆ ಹೆದರಿ ಕೂರದೆ ಇರುವುದನ್ನು ಯಾರೋ ಗಮನಿಸಿರದಿದ್ದರೆ ಇಂಥ ಸೀಟು ಹುಟ್ಟುತ್ತಿರಲಿಲ್ಲ.

ಎರಡನೆಯದು, ಪ್ರಯಾಣಿಕರೇ ಒತ್ತಿ ಬಾಗಿಲು ತೆರೆಯುವ ಗುಂಡಿ. ಎಷ್ಟೇ ಚುರುಕಾದರೂ ಲೋಕಲ್ ಗಾಡಿ ಕೆಲವು ಕಡೆ ಪಕ್ಕಕ್ಕೆ ಸರಿದು ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲೇಬೇಕು. ಆ ಹೊತ್ತಿನಲ್ಲಿ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟರೆ ಜನವರಿಯಲ್ಲಿ ಒಳಗಿನ ಬೆಚ್ಚಗೆಲ್ಲ ಹೋಗಿಬಿಡುತ್ತದೆ, ಆಗಸ್ಟಿನಲ್ಲಿ ತಂಪೆಲ್ಲ ಹೋಗಿಬಿಡುತ್ತದೆ. ಆದ್ದರಿಂದ ಬಾಗಿಲು ಮುಚ್ಚಿಕೊಂಡಿರುತ್ತದೆ, ಬೇಕಾದವರು ಗುಂಡಿ ಒತ್ತಿ ಹತ್ತುತ್ತಾರೆ, ಇಳಿಯುತ್ತಾರೆ. ಚಳಿಗಾಲದ ಒಂದು ಸಂಜೆ ನಾನು ಒಳಗೆ ಕೂತಿದ್ದಾಗ, ಶಾಲೆಯ ಟೋಪಿ ತೊಟ್ಟ ಹುಡುಗನೊಬ್ಬ ಗುಂಡಿ ಒತ್ತಿ ಒಳಬಂದು, ಬಾಗಿಲ ಆಚೆಬದಿಯಲ್ಲಿ ಇನ್ನಾರೂ ಇಲ್ಲವೆಂದು ನೋಡಿಕೊಂಡು, ಮತ್ತೆ ಮುಚ್ಚುವ ಗುಂಡಿಯನ್ನೂ ತಪ್ಪದೆ ಒತ್ತಿದ. ಅಷ್ಟರಲ್ಲಿ ಪಕ್ಕದ ಹಳಿಯಲ್ಲಿ ಎಕ್ಸ್‌ಪ್ರೆಸ್ ಸದ್ದು ಮಾಡುತ್ತ ದಾಟಿಹೋಯಿತು. ಒಳಗೆ ಕೂತ ಯಾರ ಮುಖದಲ್ಲೂ ಕಾಯುತ್ತಿರುವ ಬೇಸರ ಕಾಣಲಿಲ್ಲ. ಕಾಯುವುದು ಅನಿವಾರ್ಯವಾದಾಗ ಆ ಕಾಯುವಿಕೆಯನ್ನಾದರೂ ಬೆಚ್ಚಗಿಡಬೇಕು ಎಂಬ ವಿಚಾರ ವೇಗದ ವಿಚಾರದಷ್ಟೇ ದೊಡ್ಡದು ಎಂದು ನಾನು ನಂಬುತ್ತೇನೆ.

2016ರಲ್ಲಿ ಜಪಾನಿನ ರೈಲು ಅಭಿಮಾನಿಗಳ ಸಂಘ ಕೊಡುವ ಬ್ಲೂ ರಿಬ್ಬನ್ ಪ್ರಶಸ್ತಿ 5700ಕ್ಕೆ ಬಂತು. 1958ರಿಂದ ನಡೆದುಬಂದ ಈ ಪ್ರಶಸ್ತಿಯನ್ನು ಹಾನ್‌ಶಿನ್‌ನ ಗಾಡಿಯೊಂದು ಪಡೆದದ್ದು ಅದೇ ಮೊದಲು. ಪ್ರವಾಸಿಗರ ಐಷಾರಾಮಿ ಗಾಡಿಗಳಿಗೂ ದೂರದ ಎಕ್ಸ್‌ಪ್ರೆಸ್‌ಗಳಿಗೂ ಹೆಚ್ಚಾಗಿ ಸಲ್ಲುತ್ತಿದ್ದ ಮನ್ನಣೆ, ಮುಂಗಡ ಟಿಕೆಟ್ಟಿಲ್ಲದ, ಉದ್ದನೆಯ ಬೆಂಚು ಸೀಟುಗಳ, ಕಿಲೋಮೀಟರಿಗೊಮ್ಮೆ ನಿಲ್ಲುವ ಗಾಡಿಗೆ ಬಂದದ್ದು ನನಗೆ ಅತ್ಯಂತ ನ್ಯಾಯವಾಗಿ ಕಂಡಿದೆ. ಆರು ಬೋಗಿಗಳ ಎಕ್ಸ್‌ಪ್ರೆಸ್ ಯಾರಿಗೂ ಕಾಣುವಂಥದು. ಕೊಶಿಯೆನ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಪಂದ್ಯವಿರುವ ದಿನ ಹೊರಗಿನಿಂದ ಬಂದವರೆಲ್ಲ ಅದನ್ನೇ ಹತ್ತುತ್ತಾರೆ. ಲೋಕಲ್ ಮಾತ್ರ ನಿಲ್ಲುವ ನಿಲ್ದಾಣಗಳ ಪ್ಲಾಟ್‌ಫಾರ್ಮುಗಳು ನಾಲ್ಕು ಬೋಗಿಗಳಷ್ಟೇ ಉದ್ದ. ಮನೆಗಳು, ರಸ್ತೆಗಳು ಒತ್ತಿ ನಿಂತಿರುವ ಆ ಊರುಗಳಲ್ಲಿ ಅವನ್ನು ಉದ್ದಗೊಳಿಸುವುದು ಸುಲಭವಲ್ಲ, ಹಳಿಯ ಸಂಖ್ಯೆ ಹೆಚ್ಚಿಸುವುದಂತೂ ಇನ್ನೂ ಕಷ್ಟ. ಬದಲಾಯಿಸಬಹುದಾಗಿದ್ದದ್ದು ಗಾಡಿಯೊಂದನ್ನೇ, ಆ ಗಾಡಿಯ ಮೇಲೆ ಒಂದು ಸಂಸ್ಥೆ ಆರು ದಶಕಗಳ ಕಾಲ ಬಿಡದೆ ಶ್ರಮ ಹಾಕಿತು.

5700ರ ಹೊಸ ಹೊಸ ಗಾಡಿಗಳು ಬಂದಂತೆಲ್ಲ ಹಳೆಯ ನೀಲಿ ಮೈಯ ಜೆಟ್ ಕಾರ್‌ಗಳು ಒಂದೊಂದಾಗಿ ಸೇವೆಯಿಂದ ಸರಿದವು. 1977ರಿಂದ ಕಟ್ಟಲಾಗಿದ್ದ ಎರಡನೆಯ ತಲೆಮಾರಿನ 5001 ಗಾಡಿಗಳಲ್ಲಿ ಕೊನೆಯದು 2025ರ ಫೆಬ್ರವರಿಯಲ್ಲಿ ನಿವೃತ್ತಿಯಾಯಿತು. ಈಗ ಎಲ್ಲ ಕಡೆ ನಿಲ್ಲುವ ಸೇವೆಯನ್ನು ಭೂಕಂಪದ ವರ್ಷದಲ್ಲಿ ಆರಂಭವಾದ 5500ರ ಪೀಳಿಗೆಯೂ ಜೆಟ್ ಸಿಲ್ವರ್ 5700 ಗಾಡಿಗಳೂ ಹಂಚಿಕೊಂಡಿವೆ. ಒಸಾಕಾ ಕಡೆಗೆ ಹೋದವರು ಕೋಬೆಗೆ ಹೊರಡುವಾಗ, ಸಮಯವಿದ್ದರೆ, ಉಮೆದಾದಲ್ಲಿ ವಿಶೇಷ ಎಕ್ಸ್‌ಪ್ರೆಸ್ಸನ್ನು ಬಿಟ್ಟು ಈ ಲೋಕಲ್ ಹತ್ತಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲ ಬೋಗಿಯಲ್ಲಿ, ಚಾಲಕನ ಬೆನ್ನ ಹಿಂದೆ ನಿಲ್ಲಿ. ಯೊದೊಗಾವಾ ದಾಟಿ, ಹಿಮೆಜಿಮಾ, ಚಿಬುನೆ, ಕುಯಿಸೆ, ದೈಮೊತ್ಸು ಎಂದು ಊರುಗಳು ಬರುತ್ತ ಹೋಗುತ್ತವೆ. ಪ್ರತಿಯೊಂದರಲ್ಲೂ ಯಾರಾದರೂ ಹತ್ತುತ್ತಾರೆ, ಯಾರಾದರೂ ಇಳಿಯುತ್ತಾರೆ.